ಬೆಳಕಿಗೆ ಮಿಡಿದದ್ದು ಪದರವೋ, ತಂತಿಯೋ?

ಪೊನ್ನಂಪೇಟೆಯಲ್ಲಿರುವ ನನ್ನ ದೊಡ್ಡಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಮೆಲ್ಲಮೆಲ್ಲನೆ ಸಾಯುವ ಕಾಯಿಲೆ ಅದು. ಆ ಕೋಶಗಳಿಂದ ಸುದ್ದಿ ಪಡೆದು ಮಿದುಳಿಗೆ ಮುಟ್ಟಿಸುವ ನರಕೋಶಗಳಲ್ಲಿ ಎಷ್ಟೋ ಆಮೇಲೂ ಬದುಕಿರುತ್ತವೆ. ನನ್ನ ಆಸೆಯೆಲ್ಲ ಅವುಗಳ ಮೇಲೆ.

ಬೆಳಕು ಬಿದ್ದರೆ ವಿದ್ಯುದಾವೇಶ ಹುಟ್ಟಿಸುವ ಪಾಲಿಮರ್ ಪದರದ ಮೇಲೆ ನರಕೋಶ ಬೆಳೆಸಿ, ಬೆಳಕಿನಿಂದಲೇ ಅವನ್ನು ಪ್ರಚೋದಿಸಬಹುದೆಂದು ಇಟಲಿಯ ಸಂಶೋಧಕರು 2011ರಲ್ಲಿ ತೋರಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡ, ಬೆಳಕನ್ನು ಗ್ರಹಿಸುವ ಶಕ್ತಿ ಇನ್ನೂ ಬಾರದ ಕೋಳಿಭ್ರೂಣದ ಅಕ್ಷಿಪಟಲದಲ್ಲಿ 2014ರಲ್ಲಿ ಇದನ್ನೇ ಸಾಧಿಸಿತು. ಮಡಿಕೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ನರಕೋಶ ಬೆಳೆಸುವ ಅನುಕೂಲವಿಲ್ಲ. ಉಪ್ಪುನೀರಿನಲ್ಲಿ ಆ ಪದರ ಏನು ಮಾಡುತ್ತದೆಂದು ಅಳೆಯುವುದು ನನ್ನ ಕೈಯಲ್ಲಿತ್ತು.

ಅಂಥದೇ ಗುಣದ ಪಿ3ಎಚ್‌ಟಿ ಎಂಬ ಪಾಲಿಮರನ್ನು ಕ್ಲೋರೋಬೆಂಜೀನಿನಲ್ಲಿ ಕರಗಿಸಿದೆ. ದ್ರಾವಣ ಕಿತ್ತಳೆ ಬಣ್ಣದ್ದು. ವಿದ್ಯುತ್ ಹರಿಸುವ ಪಾರದರ್ಶಕ ಲೇಪವಿರುವ ಐಟಿಒ ಗಾಜಿನ ಮೇಲೆ ಹರಡಿ ಒಣಗಿದರೆ ನೇರಳೆ. ಹರಡಲು ಹಳೆಯ ಕಂಪ್ಯೂಟರಿನ ಫ್ಯಾನಿಗೆ ಗಾಜು ಅಂಟಿಸಿ ತಿರುಗಿಸಿದೆ. ಜುಲೈ ತಿಂಗಳ ಮಡಿಕೇರಿ. ಕಿಟಕಿ ಮುಚ್ಚಿದರೂ ಮಂಜು ಒಳಗೇ ಇರುತ್ತದೆ. ಮೊದಲ ನಾಲ್ಕು ಪದರಗಳು ನೀರಿಗಿಟ್ಟೊಡನೆ ಅಂಚಿನಿಂದ ಸುಲಿದು ಬಂದವು. ಐದನೆಯ ಗಾಜನ್ನು ಮೊದಲೇ ಹಾಟ್‌ಪ್ಲೇಟಿನ ಮೇಲೆ ಚೆನ್ನಾಗಿ ಕಾಯಿಸಿಕೊಂಡೆ. ಪದರ ನಿಂತಿತು.

ಔಷಧಿ ಅಂಗಡಿಯ 0.9 ಶೇಕಡಾ ಸಲೈನ್, ಬ್ಲೀಚಿನಲ್ಲಿ ಅದ್ದಿ ಕ್ಲೋರೈಡ್ ಲೇಪ ಬರಿಸಿದ ಬೆಳ್ಳಿ ತಂತಿ, ಹಸಿರು ಎಲ್‌ಇಡಿ. ಗಾಜಿಗೂ ತಂತಿಗೂ ನಡುವಿನ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸಲು ಆಸಿಲೋಸ್ಕೋಪ್. ದೀಪ ಹತ್ತಿದಾಗ ಅದರ ಗೆರೆ ಚಿಮ್ಮಿತು, ಆರಿದಾಗ ಎದುರು ದಿಕ್ಕಿಗೆ ಚಿಮ್ಮಿತು. ಕಣ್ಣು ತುಂಬಿ ಬಂತು.

ಆಗ ಒಬ್ಬ ವಿದ್ಯಾರ್ಥಿನಿ, "ಮೇಡಂ, ಪದರವಿಲ್ಲದ ಗಾಜನ್ನೂ ಒಮ್ಮೆ ಇಟ್ಟು ನೋಡೋಣವೇ?" ಎಂದಳು. ಇಟ್ಟೆವು. ಬರಿಯ ಗಾಜಿಗೂ ಗೆರೆ ಎದ್ದಿತು! ಎರಡು ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬೆಳ್ಳಿಯ ಕ್ಲೋರೈಡ್ ತಾನೇ ಬೆಳಕಿಗೆ ಸ್ಪಂದಿಸುವ ವಸ್ತು. ಹಿಂದಿನ ಫೋಟೋ ಕಾಗದಗಳಲ್ಲಿ ಇದ್ದದ್ದೂ ಅದೇ. ನಮ್ಮ ತಂತಿಗೂ ಬೆಳಕು ಬೀಳುತ್ತಿತ್ತು. ಅದನ್ನು ಕಪ್ಪು ಕೊಳವೆಯೊಳಗೆ ಮರೆಮಾಡಿದೆವು. ಬರಿಯ ಗಾಜು ಸುಮ್ಮನಾಯಿತು. ಪದರವಿದ್ದಾಗ ಮಿಡಿತ ಚಿಕ್ಕದಾಗಿತ್ತು, ಆದರೆ ಉಳಿದಿತ್ತು. ಆ ಹುಡುಗಿ ಕೇಳದಿದ್ದರೆ ತಂತಿಯ ಮಿಡಿತವನ್ನೇ ಪದರದ್ದೆಂದು ಬರೆದುಬಿಡುತ್ತಿದ್ದೆ.

ದೀಪ ಉರಿಯುತ್ತಿರುವಷ್ಟು ಹೊತ್ತೂ ಗೆರೆ ಸೊನ್ನೆಗೆ ಇಳಿಯದೆ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಪದರ ಎಲೆಕ್ಟ್ರಾನ್ ಕೊಡುತ್ತಿರಬೇಕು ಎನಿಸಿತು. ಆಮ್ಲಜನಕವನ್ನು ಹೊರದೂಡಲು ಸಾರಜನಕ ಹಾಯಿಸಿದಾಗ ಗೆರೆ ತಗ್ಗಿತು. ಇದು ಸಣ್ಣ ವಿಷಯವಲ್ಲ. ಆ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಬಹುದು, ಅದು ಹೆಚ್ಚಾದರೆ ಕೋಶಕ್ಕೆ ವಿಷ.

"ನಿನ್ನ ಗಾಜು ಎಲ್ಲಿಗೆ ಬಂತು ಮಗಳೇ?" ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳುತ್ತಾರೆ. ಇದು ಅವರ ಕಣ್ಣಿಗೆ ಈಗಲೇ ಆಗುವ ಮದ್ದಲ್ಲವೆಂದು ಮುಚ್ಚಿಡದೆ ಹೇಳಿದ್ದೇನೆ. ಉಳಿದ ಮಿಡಿತ ಆವೇಶದಿಂದ ಬಂದದ್ದೋ, ಬೆಳಕಿಗೆ ಪದರ ಬಿಸಿಯಾದದ್ದರಿಂದಲೋ ಎಂದು ನೋಡುವ ಶಾಖದ ಪರೀಕ್ಷೆ ಇನ್ನೂ ಬಾಕಿ ಇದೆ. ಕಪ್ಪು ಎಣ್ಣೆಬಣ್ಣ ಬಳಿದ ಗಾಜು ಒಣಗುತ್ತಿದೆ. ಅದು ಬೆಳಕು ಹೀರಿ ಬಿಸಿಯಾಗುತ್ತದೆ, ಆವೇಶ ಹುಟ್ಟಿಸುವುದಿಲ್ಲ. ಸೋಮವಾರ ಅದನ್ನು ಸಲೈನಿನಲ್ಲಿ ಇಡುತ್ತೇವೆ.