ಹುಣಸೆಹಣ್ಣು ಹಾಕಿ ಉಜ್ಜಿದ ಗುಂಡು

ಶ್ರೀರಂಗಪಟ್ಟಣದ ಹತ್ತಿರ, ಅರಕೆರೆ ಕಡೆಯ ನಮ್ಮ ಹೊಲದಲ್ಲಿ ಕೂಳೆ ಕಬ್ಬು ತೆಗೆದು ಟಿಲ್ಲರ್ ಹೊಡೆಸುವಾಗ ಬಿಳಿ ಪೊರೆ ಕಟ್ಟಿದ್ದ ಗುಂಡೊಂದು ಮೇಲೆ ಬಂತು. ನೆಲ್ಲಿಕಾಯಿಗಿಂತ ಚಿಕ್ಕದು, ಭಾರ ಮಾತ್ರ ಗಾತ್ರಕ್ಕೆ ಮೀರಿದ್ದು. ದೊಡ್ಡಪ್ಪ ನೋಡಿ, "ಬೀಸುಬಲೆ ಗುಂಡು ಕಣ್ಲಾ, ಬಿಸಾಕು" ಅಂದ್ರು. ಹೊಳೆ ಹತ್ತಿರವೇ ಇರುವುದರಿಂದ ಆ ಅನುಮಾನ ಸಹಜ. ಆದರೆ ಬಲೆಯ ಗುಂಡಿಗೆ ದಾರ ಪೋಣಿಸಲು ತೂತಿರುತ್ತದೆ, ಇದಕ್ಕಿರಲಿಲ್ಲ. ಅಯಸ್ಕಾಂತಕ್ಕೆ ಅಂಟಲಿಲ್ಲ, ಹಾಗಾಗಿ ಬೇರಿಂಗ್ ಬಾಲೂ ಅಲ್ಲ. ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲ್ ಗೀಟು ಬಿತ್ತು. ಸೀಸ. ಹಳೇ ಕಾಲದ ಕೋವಿಯ ಗುಂಡಿರಬೇಕು ಅನ್ನಿಸಿತು.

ಆಮೇಲೆ ಮಾಡಿದ್ದು ದಡ್ಡತನ. ಹಿತ್ತಾಳೆ ಚೊಂಬಿಗೆ ಮಾಡುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಗುಂಡು ಪಳಪಳ ಅಂತು. ಆ ಬಿಳಿ ಪೊರೆ ಎಷ್ಟೋ ವರ್ಷ ಮಣ್ಣಲ್ಲಿದ್ದ ಸೀಸದ ಮೇಲೆ ಕಟ್ಟುವಂಥದ್ದು. ಗುಂಡು ಹಳೆಯದು ಅನ್ನುವುದಕ್ಕಿದ್ದ ಗುರುತನ್ನೇ ತೊಳೆದು ಹಾಕಿದ್ದೆ. ಸೀಸದ ಪುಡಿ ವಿಷ ಅನ್ನುವುದೂ ಆಗ ನೆನಪಿರಲಿಲ್ಲ.

ಗುಂಡಿನ ಒಂದು ಮಗ್ಗುಲು ಜಜ್ಜಿಹೋಗಿತ್ತು. ವರ್ನಿಯರ್ ಅಳತೆಪಟ್ಟಿ ಇಟ್ಟರೆ ಒಂದು ಕಡೆ 15.8 ಮಿ.ಮೀ., ಇನ್ನೊಂದು ಕಡೆ 18.9. ಯಾವುದನ್ನು ನಂಬುವುದು? ಇಂಥ ಕಡೆ ತೂಕವೇ ಗತಿ. ಜಜ್ಜಿದರೂ ಸೀಸ ಎಲ್ಲೂ ಹೋಗುವುದಿಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ 30.6 ಗ್ರಾಂ ಬಂತು. ಗ್ರಾಂ ಲೆಕ್ಕವನ್ನು 0.168ರಿಂದ (ಸೀಸದ ಸಾಂದ್ರತೆಯಿಂದ ಬರುವ ಅಂಕಿ) ಗುಣಿಸಿ ಘನಮೂಲ ತೆಗೆದರೆ ಮೊದಲಿದ್ದ ವ್ಯಾಸ ಸೆಂಟಿಮೀಟರಿನಲ್ಲಿ ಸಿಗುತ್ತದೆ: 1.73, ಅಂದರೆ ಸುಮಾರು 17.3 ಮಿ.ಮೀ.

ಬ್ರಿಟಿಷರ 'ಬ್ರೌನ್ ಬೆಸ್' ಕೋವಿಯ ನಳಿಗೆಯ ಒಳವ್ಯಾಸ 19 ಮಿ.ಮೀ. ಮಸಿ ಕಟ್ಟಿದರೂ ಕಾಗದದ ತೋಟಾ (ಮದ್ದು, ಗುಂಡು ಸುತ್ತಿದ ಪೊಟ್ಟಣ) ಸಲೀಸಾಗಿ ಇಳಿಯಲಿ ಅಂತ ಗುಂಡನ್ನು ಸಣ್ಣದಾಗಿ, 17.5ರ ಆಸುಪಾಸಿನಲ್ಲಿ, ಎರಕ ಹೊಯ್ಯುತ್ತಿದ್ದರು. ನನ್ನದು ಅಲ್ಲಿಗೆ ಕೂರುತ್ತದೆ. 1791ರ ಮೇ 15ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೂ ಟಿಪ್ಪುವಿಗೂ ಅರಕೆರೆಯಲ್ಲಿ ಯುದ್ಧ ನಡೆದಿತ್ತಲ್ಲ, ಅವತ್ತಿನದೇ ಅಂತ ಮನಸ್ಸು ಕುಣಿಯಿತು. ಆದರೆ ಆ ಮಾದರಿಯ ಕೋವಿ 1720ರ ದಶಕದಿಂದ 1830ರ ದಶಕದವರೆಗೆ ನಡೆದಿದೆ, ಆಮೇಲೂ ಶಿಕಾರಿಯವರು ಉಂಡೆ ಗುಂಡನ್ನೇ ಬಳಸಿದ್ದಾರೆ. ಉದ್ದನೆಯ, ಹಿಂಬದಿ ಟೊಳ್ಳಾದ ಗುಂಡು ಸಿಕ್ಕಿದ್ದರೆ 1849ರ ಈಚಿನದು ಅಂತ ಹೇಳಿಬಿಡಬಹುದಿತ್ತು. ಉಂಡೆ ಅಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ. ಜಜ್ಜಿದ್ದು ನೋಡಿದರೆ ಹಾರಿಸಿದ್ದೇ ಇರಬೇಕು ಅಂತ ನನ್ನ ಅಂದಾಜು. ನೇಗಿಲೂ ಜಜ್ಜಬಲ್ಲದು, ನಿಜ, ಆದರೆ ಈಚಿನ ನೇಗಿಲ ಪೆಟ್ಟಾದರೆ ಹೊಸ ಸೀಸ ಮಿನುಗುತ್ತದೆ. ಇದರ ಚಪ್ಪಟೆ ಮಗ್ಗುಲಿಗೂ ಪೊರೆ ಇತ್ತು, ನಾನು ಉಜ್ಜುವ ತನಕ.

ಸಂರಕ್ಷಿತ ಸ್ಮಾರಕಗಳ ಸುತ್ತ ಯಾರೂ ಹೀಗೆ ಕೆದಕಲು ಹೋಗಬೇಡಿ, ಅಪರಾಧವಾಗುತ್ತದೆ.

ಮುಂದಿನ ವರ್ಷ ಅದೇ ಬದುವಿನ ಪಕ್ಕ ಇನ್ನೊಂದು ಸಿಕ್ಕಿತು. 26.4 ಗ್ರಾಂ, ಲೆಕ್ಕಕ್ಕೆ 16.4 ಮಿ.ಮೀ., ಫ್ರೆಂಚ್ ಕೋವಿಗೆ ಹೊಂದುವ ಅಳತೆ. ಟಿಪ್ಪುವಿನ ದಂಡಿನಲ್ಲಿ ಫ್ರೆಂಚ್ ಕೋವಿಗಳೂ ಇದ್ದವು, ಮೈಸೂರಿನಲ್ಲೇ ಮಾಡಿದವೂ ಇದ್ದವು. ಈ ಗುಂಡು ಎಲ್ಲೂ ಜಜ್ಜಿಲ್ಲ. ಅಚ್ಚಿನ ಎರಡು ಹೋಳು ಕೂಡಿದ ಗೆರೆ, ಎರಕದ ಬಾಲ ಕತ್ತರಿಸಿದ ಚುಕ್ಕೆ ಎರಡೂ ಕಾಣುತ್ತವೆ. ಸಿಡಿಸದೆ ಯಾರದೋ ಕೈಯಿಂದ ಬಿದ್ದದ್ದಿರಬಹುದು. ಇದನ್ನು ನೀರಲ್ಲಿ ಅದ್ದಿ ಮಣ್ಣು ಬಿಡಿಸಿದ್ದೇನೆ, ಅಷ್ಟೇ. "ಇದಕ್ಕೆ ಹುಣಸೆಹಣ್ಣು ಹಾಕಲಿಲ್ವಾ?" ಅಂತ ದೊಡ್ಡಪ್ಪ ಈಗಲೂ ಕೆಣಕುತ್ತಾರೆ.