ತೂತು ಎಣಿಸೋದು ಬಿಟ್ಟು ಸುಳಿ ಬಿಚ್ಚಿ ನೋಡಿದೆ

ನಮ್ಮದು ಹಾವೇರಿ ಜಿಲ್ಲೆ. ಮಳೆ ನಂಬಿಕೊಂಡ ಮೂರು ಎಕರೆ ಹೊಲ, ಮುಂಗಾರಿಗೆ ಗೋವಿನಜೋಳ. ಲದ್ದಿ ಹುಳ, ಅಂದ್ರೆ ಫಾಲ್ ಸೈನಿಕ ಹುಳು, 2018ರಲ್ಲಿ ದೇಶದಲ್ಲೇ ಮೊದಲು ಕಾಣಿಸಿದ್ದು ಪಕ್ಕದ ಶಿವಮೊಗ್ಗದಲ್ಲಿ. ನಮ್ಮ ಕಡೆ ಬರಲು ತಡ ಆಗಲಿಲ್ಲ.

ಅದು ಬಂದ ಹೊಸತರಲ್ಲಿ ನಾನು ಬದುವಿನ ಮೇಲೆ ನಿಂತೇ ಬೆಳೆ ನೋಡುತ್ತಿದ್ದೆ. ಒಂದು ದಿನ ಎಲೆಯೆಲ್ಲ ಜರಡಿ ಆಗಿದ್ದು ಕಂಡು ಎದೆ ಧಸಕ್ಕೆಂದಿತು. ಅವತ್ತೇ ಔಷಧ ತಂದು ಮೂರೂ ಎಕರೆಗೆ ಹೊಡೆಸಿದೆ. ದುಡ್ಡು, ಆಳು ಎರಡೂ ದಂಡ. ಹುಳ ತಿಂದಿದ್ದು ಎಲೆ ಸುಳಿಯೊಳಗೆ ಸುತ್ತಿಕೊಂಡಿದ್ದಾಗ. ಅದು ಬಿಚ್ಚಿಕೊಂಡು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಎಷ್ಟೋ ದಿನ ಕಳೆದಿರುತ್ತೆ. ಬಲಿತ ಹುಳ ಅಷ್ಟೊತ್ತಿಗೆ ಮಣ್ಣಿಗಿಳಿದು ಕೋಶ ಆಗಿತ್ತು. ನಾನು ಹೊಡೆದಿದ್ದು ಬರೀ ತೂತಿಗೆ.

ಈಗ ಮೊಳಕೆ ಬಂದು ಹತ್ತು ದಿನಕ್ಕೆ ಶುರು ಮಾಡುತ್ತೇನೆ. ವಾರಕ್ಕೆ ಎರಡು ಸಲ, ಬಿಸಿಲೇರುವ ಮೊದಲು. ಬದುವಿನ ಪಕ್ಕದ ನಾಲ್ಕೈದು ಸಾಲು ಬಿಟ್ಟು ಒಳಗೆ ಹೋಗಿ, ಹೊಲದುದ್ದ ಅಂಕುಡೊಂಕಾಗಿ ನಡೀತೇನೆ. ಐದು ಕಡೆ ನಿಂತು, ಒಂದೊಂದು ಕಡೆ ಒಂದೇ ಸಾಲಿನಲ್ಲಿ 20 ಗಿಡ. ಒಟ್ಟು 100 ಆಗುತ್ತೆ, ಶೇಕಡಾ ಲೆಕ್ಕ ಹಾಕೋ ಕಷ್ಟ ಇಲ್ಲ. ಚೆನ್ನಾಗಿರೋದು, ಕೆಟ್ಟಿರೋದು ಅಂತ ಆರಿಸಲ್ಲ. ಸಾಲಿನಲ್ಲಿ ಬಂದದ್ದೇ ಗಿಡ.

ಹಳೇ ತೂತು ಲೆಕ್ಕಕ್ಕಿಲ್ಲ. ಸುಳಿ ಬಿಚ್ಚಿ ನೋಡಬೇಕು. ಮರಿಹುಳ ಎಲೆಯ ಹಸಿರನ್ನಷ್ಟೇ ಕೆರೆದು ತಿಂದಿರುತ್ತೆ, ಅಲ್ಲಿ ತೆಳ್ಳನೆ ಬಿಳಿ ಪೊರೆ ಉಳಿದಿರುತ್ತೆ. ದೊಡ್ಡದಿದ್ರೆ ಸುಳಿ ತುಂಬ ಲದ್ದಿ. ಬೆರಳಲ್ಲಿ ಒತ್ತಿದಾಗ ಹಸಿಯಾಗಿ ಅಂಟಿದರೆ ಹುಳ ಕೆಳಗೇ ಇದೆ. ಒಣಗಿದ ಮರದ ಪುಡಿ ಹಾಗೆ ಉದುರಿದರೆ ಬಹಳ ಸಲ ಅದು ಆಗಲೇ ಇಳಿದು ಹೋಗಿರುತ್ತೆ. ಹುಳ ಸಿಕ್ಕರೆ ಹಿಂಬದಿ ನೋಡಿ: ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ, ತಲೆ ಮೇಲೆ ತಲೆಕೆಳಗಾದ ವೈ ಗುರುತು. ಕಾಂಡ ಕೊರೆಯುವ ಹುಳಕ್ಕೆ ಇವೆರಡೂ ಇರಲ್ಲ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ಐದು ಕಡೆ ಹುಳ ಇದ್ದ ಗಿಡಗಳ ಲೆಕ್ಕ ಹೀಗಿತ್ತು: 1, 2, 0, 7, 4. ಒಟ್ಟು 14. ಏಳು ಬಂದ ಜಾಗ ಪಕ್ಕದ ಹೊಲದ ಮಗ್ಗುಲು, ಅವರು ಹದಿನೈದು ದಿನ ಮೊದಲು ಬಿತ್ತಿದ್ದರು. ಆ ಹೊಲದ ಕಾಕಾ ಬದುವಿನಿಂದಲೇ ಕೂಗಿದರು, "ಎಣಸ್ಕೋತ ಕುಂತ್ರ ಹುಳ ಸಾಯ್ತಾವೇನೋ ತಮ್ಮಾ?" ನಾನು ಒಂದು ಸುಳಿ ಕಿತ್ತು ಅವರ ಅಂಗೈ ಮೇಲೆ ಬಿಚ್ಚಿದೆ. ಉಗುರಿನಷ್ಟೂ ಉದ್ದ ಇಲ್ಲದ ಮೂರು ಮರಿ. ಇದೇ ಹೊಡೆಯೋ ಹೊತ್ತು ಅಂದೆ. ಸುಳಿ ಹಂತದಲ್ಲಿ ನೂರಕ್ಕೆ ಹತ್ತು ದಾಟಿದರೆ ನಾನು ಕಾಯಲ್ಲ. ಅವತ್ತೇ ಸಂಜೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಅನ್ನೋ ಹುಳದ ಔಷಧ, ಲೀಟರ್ ನೀರಿಗೆ 0.4 ಗ್ರಾಂ, ನಾಜಲ್ಲನ್ನು ನೇರ ಸುಳಿಗೆ ಹಿಡಿದು ಹೊಡೆದೆವು. ಎಲೆ ಮೇಲೆ ಸುಮ್ನೆ ಬೀಸಿಕೊಂಡು ಹೋದರೆ ಒಳಗಿನ ಹುಳಕ್ಕೆ ತಾಗಲ್ಲ.

ಎಣಿಸುವಾಗ ಬೇರೆಯದೂ ಕಾಣುತ್ತೆ. ಎಳೆ ಎಲೆಯಲ್ಲಿ ನಡುನರದ ಎರಡೂ ಬದಿ ಬಿಳಿ ಪಟ್ಟೆ ಬಂದರೆ ಸತುವಿನ ಕೊರತೆ. ಕೆಳಗಿನ ಎಲೆ ತುದಿಯಿಂದ ನಡುನರ ಹಿಡಿದು ಹಳದಿ ಆಗುತ್ತಾ ಬಂದರೆ ಸಾರಜನಕ ಸಾಲದು. ಇವನ್ನೂ ಅದೇ ಪುಟದಲ್ಲಿ ಬರೆದುಕೊಳ್ಳುತ್ತೇನೆ.

ಆ ಔಷಧ ಹೊಡೆದು ಹತ್ತು ದಿನ ಬಿಟ್ಟು ಎಣಿಸಿದಾಗ ಹಸಿ ಲದ್ದಿ ಇದ್ದ ಗಿಡ ನಾಲ್ಕೇ. ಎಲೆ ನೋಡಿದರೆ ಮಾತ್ರ ಹೊಲ ಇನ್ನೂ ಜರಡಿಯೇ, ಬದುವಿನಿಂದ ನೋಡಿದವರು ಮತ್ತೊಂದು ಸಲ ಹೊಡೆಸುತ್ತಿದ್ದರು. ಆ ವಾರವೆಲ್ಲ ಮೋಡ, ಜಿಟಿಜಿಟಿ ಮಳೆ. ಒಂದು ಸುಳಿಯಲ್ಲಿ ಹುಳ ಬೆಳ್ಳಗೆ, ಬಳಪದ ತುಂಡಿನ ಹಾಗೆ ಸೆಟೆದು ಸತ್ತಿತ್ತು. ಇನ್ನೊಂದರ ಮೈ ಮೇಲೆ ತಿಳಿ ಹಸಿರು ಪುಡಿ. ಮೆಟಾರೈಜಿಯಂ ರಿಲೇಯಿ ಅನ್ನೋ ಶಿಲೀಂಧ್ರ ಅದು, ತಂಪು ಹವೆಯಲ್ಲಿ ತಾನಾಗೇ ಹಬ್ಬಿ ಹುಳ ಕೊಲ್ಲುತ್ತೆ. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಎರಡನೇ ಸಲಕ್ಕೆ ಅಂತ ಮೊದಲೇ ತಂದಿಟ್ಟಿದ್ದ ಔಷಧದ ಪೊಟ್ಟಣ ಬಿಚ್ಚಲೇ ಇಲ್ಲ. ಸತ್ತ ಹುಳ ಇದ್ದ ಆ ಗಿಡಗಳನ್ನು ಹಾಗೇ ಬಿಟ್ಟು, ಮರುದಿನ ಕಾಕಾನನ್ನೂ ಕರೆದುಕೊಂಡು ಹೋಗಿ ತೋರಿಸಿದೆ.