ಬ್ಯಾಟರಿ ವಿಮಾನ: ಮೊದಲು ತಕ್ಕಡಿ, ಆಮೇಲೆ ರೆಕ್ಕೆ

ಪುಣೆಯಲ್ಲಿ ಓದುವ ನಮ್ಮ ಕಡೆಯ ಎಂಜಿನಿಯರಿಂಗ್ ಮಕ್ಕಳು ಎಲೆಕ್ಟ್ರಿಕ್ ವಿಮಾನದ ಪ್ರಾಜೆಕ್ಟ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಹೆಚ್ಚಿನವರು ಮೊದಲೇ ಚಂದದ ರೆಕ್ಕೆ ಬರೆದಿರುತ್ತಾರೆ. ಎಡವುವುದು ಅಲ್ಲೇ.

ಮೊದಲು ದಾರಿ ಗೊತ್ತುಮಾಡಿ. ಪುಣೆ–ಬೆಳಗಾವಿ ಇರಲಿ, ಆಕಾಶದಲ್ಲಿ ಸುಮಾರು 310 ಕಿ.ಮೀ. ಸೀಟು 19, ಒಟ್ಟು ತೂಕ 6,000 ಕಿಲೋ ಅಂದುಕೊಳ್ಳಿ.

ಈಗ ಬ್ಯಾಟರಿ. ಇಲ್ಲಿ ಅವಸರ ಬೇಡ. ಬೆರಳುದಪ್ಪದ ಒಂದು 18650 ಲಿಥಿಯಂ ಸೆಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. 48 ಗ್ರಾಂ ಆಸುಪಾಸು ತೋರಿಸುತ್ತದೆ. ಒಳಗಿರುವ ಶಕ್ತಿ ಸುಮಾರು 12 ವ್ಯಾಟ್-ಅವರ್, ಅಂದರೆ ಕಿಲೋಗೆ 250. ವಿಮಾನದ ಇಂಧನದಲ್ಲಿ ಕಿಲೋಗೆ 12,000 ಹತ್ತಿರ ಇರುತ್ತದೆ! (9,900 ಎಂಎಎಚ್, ಅಂದರೆ ಅಷ್ಟು ಚಾರ್ಜ್ ಹಿಡಿಯುತ್ತದೆ, ಎಂದು ಬರೆದ ಅಗ್ಗದ ಸೆಲ್ ಕೊಳ್ಳಲೇಬೇಡಿ. ಈ ಅಳತೆಯ ಒಳ್ಳೆಯ ಸೆಲ್ಲೇ 3,500ರ ಸುಮಾರಿಗೆ ನಿಲ್ಲುತ್ತದೆ.)

ಆ 250ನ್ನೂ ಹಾಗೇ ಲೆಕ್ಕಕ್ಕೆ ಹಾಕಬೇಡಿ. ಡಬ್ಬ, ವೈರು, ತಂಪು ಮಾಡುವ ಕೊಳವೆ, ಒಂದು ಸೆಲ್ ಹೊತ್ತಿಕೊಂಡರೆ ಪಕ್ಕದ್ದಕ್ಕೆ ಬೆಂಕಿ ಹಬ್ಬದಂತೆ ತಡೆಯುವ ಗೋಡೆ, ಎಲ್ಲಕ್ಕೂ ತೂಕ ಇದೆ ಅಲ್ವಾ? 200 ಎಂದೇ ಹಿಡಿಯಿರಿ. ವಿಮಾನದ ತೂಕದಲ್ಲಿ ಶೇ 30 ಬ್ಯಾಟರಿಗೆ ಕೊಟ್ಟರೆ 1,800 ಕಿಲೋ, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 360 ಯೂನಿಟ್ (ಸಾವಿರ ವ್ಯಾಟ್-ಅವರ್‌ಗೆ ಒಂದು ಯೂನಿಟ್). ಮೋಟಾರು, ಪ್ರೊಪೆಲ್ಲರ್ ದಾಟಿ ಶೇ 80 ಕೈಗೆ ಸಿಗುತ್ತದೆ. ಲಿಫ್ಟ್-ಡ್ರ್ಯಾಗ್ ಅನುಪಾತ (ಮೇಲೆತ್ತುವ ಬಲ ಗಾಳಿಯ ತಡೆಯ ಎಷ್ಟು ಪಟ್ಟು ಎಂಬ ಲೆಕ್ಕ) 15 ಇದ್ದರೆ ವಿಮಾನವನ್ನು ಮುಂದೆ ಎಳೆಯಲು ಬೇಕಾದ ಬಲ ಅದರ ತೂಕದ ಹದಿನೈದರಲ್ಲಿ ಒಂದು ಪಾಲು. ಕೈಗೆ ಸಿಕ್ಕ ಶಕ್ತಿಯನ್ನು ಆ ಬಲದಿಂದ ಭಾಗಿಸಿ ನೋಡಿ: 260 ಕಿ.ಮೀ. ಬೆಳಗಾವಿ ಮುಟ್ಟಲೇ ಇಲ್ಲ. ಮಳೆಗಾಲದಲ್ಲಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಮೇಲೆ ಮೋಡ ಕವಿದರೆ ಅರ್ಧ ಗಂಟೆ ಸುತ್ತುತ್ತ ಕಾಯಬೇಕು. ಅದಕ್ಕೇ 100 ಕಿ.ಮೀ.ಯಷ್ಟು ಎತ್ತಿಡಿ. ಉಳಿದದ್ದು ಪುಣೆ–ಮುಂಬೈಗೆ ಸಾಕು. ಮೊದಲ ನಕ್ಷೆಗೆ ಅದೇ ದಾರಿ ಸರಿ.

ತಕ್ಷಣ ಹೈಡ್ರೋಜನ್ ಕಡೆ ಓಡುವವರೂ ಇದ್ದಾರೆ. ಸೋವಿಯತ್ ಒಕ್ಕೂಟದ ಟಿಯು-155 ವಿಮಾನ 1988ರಲ್ಲೇ ದ್ರವ ಹೈಡ್ರೋಜನ್ ತುಂಬಿಕೊಂಡು ಹಾರಿತ್ತು, ನಿಜ. ಆದರೆ ಅದನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು, ಅಷ್ಟೇ ಶಕ್ತಿಯ ಮಾಮೂಲಿ ವಿಮಾನ ಇಂಧನಕ್ಕೆ ಹೋಲಿಸಿದರೆ ಜಾಗ ಸುಮಾರು ನಾಲ್ಕು ಪಟ್ಟು ಬೇಕು. ಬ್ಯಾಟರಿ ಲೆಕ್ಕ ಕೈಗೆ ಹತ್ತಿದ ಮೇಲೆ ಅತ್ತ ಹೋಗಿ.

ಮೋಟಾರನ್ನು ಕ್ಯಾಟಲಾಗ್ ನೋಡಿ ಆರಿಸಿ. ರೆಕ್ಕೆ ಉದ್ದ, ಸಪೂರ ಇರಲಿ.

ಕೊನೆಗೆ ಚಕ್ರದ ಕಾಲುಗಳು. ಧಾರವಾಡದ ಹುಡುಗಿಯೊಬ್ಬಳು ‘ಸರ್, ಇಳಿಯುವಾಗ ಎಷ್ಟು ತೂಕ ಕಳೀಬೇಕು?’ ಎಂದು ಕೇಳಿದಳು. ಏನೂ ಕಳೆಯಬೇಡ ಎಂದೆ. ಇಂಧನ ಉರಿದು ಹಗುರಾಗುತ್ತದೆ, ಖಾಲಿ ಬ್ಯಾಟರಿ ಮಾತ್ರ ಅಷ್ಟೇ ಭಾರ. ಕಾಲುಗಳನ್ನು ಪೂರ್ತಿ 6,000 ಕಿಲೋ ಇಳಿಯುವ ಪೆಟ್ಟಿಗೇ ಲೆಕ್ಕ ಹಾಕಿ.